ಮುಳ್ಳುಸೌತೆಯ ಮಿಡಿ ಏಕೆ ಕರಟುತ್ತದೆ?

ಮಳೆಗಾಲ ಬಂತೆಂದರೆ ಕಾಸರಗೋಡಿನ ಕಡೆಯ ಮನೆಗಳ ಅಂಗಳದಂಚಿನಲ್ಲೊಂದು ಮುಳ್ಳುಸೌತೆಯ ಚಪ್ಪರ ಏಳುತ್ತದೆ. ತುಳುವರು ತೆಕ್ಕರೆಯೆನ್ನುವ ಈ ಕಾಯಿಯನ್ನು ಮಕ್ಕಳು ಕೊಯ್ದಂತೆಯೇ ಹಸಿಯಾಗಿ ತಿನ್ನುವರು. ಆದುದರಿಂದ ಮಿಡಿಯೊಂದು ಹಳದಿಯಾದೊಡನೆ ಔಷಧಿಯ ಬಾಟಲಿಯನ್ನರಸುವುದು ತರವಲ್ಲ. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎರಚಿದ ಎಂಡೋಸಲ್ಫಾನಿನ ಫಲವನ್ನು ಇಂದಿಗೂ ಉಣ್ಣುತ್ತಿರುವ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೋಗವೋ, ಕೀಟವೋ, ಎರಡೂ ಅಲ್ಲವೋ ಎಂಬುದನ್ನು ಮೊದಲು ಅರಿಯಬೇಕು.

ಬಳ್ಳಿಯಲ್ಲಿ ಮೊದಮೊದಲು ಅರಳುವವು ಬಹುಪಾಲು ಗಂಡುಹೂಗಳೇ. ಅವು ಉದುರುವುದು ಸಹಜ. ಹಿಂಬದಿಯಲ್ಲಿ ಪುಟ್ಟ ಮಿಡಿಯನ್ನು ಹೊತ್ತು ಬರುವುದೇ ಹೆಣ್ಣುಹೂ. ಆ ಮಿಡಿ ಕಿರುಬೆರಳಷ್ಟೂ ಬೆಳೆಯದೆ ಹಳದಿಯಾಗಿ ಮುರುಟಿದರೆ ಒಂದನ್ನು ಕಿತ್ತು ಉದ್ದಕ್ಕೆ ಸೀಳಿ ನೋಡಿರಿ. ಒಳಗೆ ಹುಳುವೂ ಕೊಳೆತವೂ ಕಾಣದಿದ್ದರೆ ಪರಾಗಸ್ಪರ್ಶವಾಗಿಲ್ಲವೆಂದೇ ಹೆಚ್ಚಾಗಿ ತಿಳಿಯಬಹುದು. ಹೂ ಅರಳುವುದು ಬೆಳಗಿನ ಹೊತ್ತು. ಆಗಲೇ ಆಟಿಯ ಮಳೆ ಸುರಿದರೆ ಜೇನುನೊಣ ಗೂಡು ಬಿಟ್ಟು ಬರುವುದೆಂತು? ಮಳೆ ಬಿಟ್ಟ ಎಡೆಯಲ್ಲಿ, ಒಂಬತ್ತು ಗಂಟೆಯೊಳಗೆ, ಗಂಡುಹೂವೊಂದನ್ನು ಕೊಯ್ದು ಎಸಳು ಬಿಡಿಸಿ, ನಡುವಣ ಪರಾಗವನ್ನು ಹೆಣ್ಣುಹೂವಿನ ನಡುವಿಗೆ ಮೆಲ್ಲನೆ ಸವರಿದರಾಯಿತು. ಕಾಯಿ ಸೊಟ್ಟಗಾಗುವುದಕ್ಕೂ ಅನೇಕ ವೇಳೆ ಅರೆಬರೆ ಪರಾಗಸ್ಪರ್ಶವೇ ಕಾರಣ.

ಸೀಳಿದ ಮಿಡಿಯಲ್ಲಿ ಬಿಳಿಯ ಹುಳುಗಳಿದ್ದರೆ ಅದು ಹಣ್ಣುನೊಣದ ಕೆಲಸ. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂತಹ ಗುರುತೂ ಅಂಟಿನ ಒಸರೂ ಕಾಣಿಸುವುವು. ಹುಳು ಒಳಗಿರುವುದರಿಂದ ಹೊರಗೆ ಸಿಂಪಡಿಸಿದ ಔಷಧಿ ಅದನ್ನು ಮುಟ್ಟುವುದೇ ದುರ್ಲಭ. ಉದುರಿದ ಕಾಯನ್ನು ಬುಡದಲ್ಲೇ ಬಿಟ್ಟರೆ ಹುಳು ಮಣ್ಣಿಗಿಳಿದು, ಕೋಶ ಕಟ್ಟಿ, ನೊಣವಾಗಿ ಮರಳುತ್ತದೆ. ಗೊಬ್ಬರದ ಗುಂಡಿಗೂ ಎಸೆಯದೆ, ಹೆಕ್ಕಿ ಕುದಿನೀರಿಗೆ ಹಾಕುವುದು ಲೇಸು. ಹೂ ಬಾಡಿದೊಡನೆ ಮಿಡಿಗೆ ಹಳೆಯ ತೆಳುಬಟ್ಟೆಯ ಚೀಲ ಕಟ್ಟಿದರಂತೂ ನೊಣಕ್ಕೆ ದಾರಿಯೇ ಇಲ್ಲ. ತುಳಸಿಯ ಬಲೆಯನ್ನು ನಂಬುವವರುಂಟು. ಅದು ಮಾವಿನ ನೊಣವನ್ನು ಸೆಳೆಯುವುದೇ ಹೊರತು ಸೌತೆಯ ನೊಣವನ್ನಲ್ಲ. ಇದಕ್ಕೆ ಕ್ಯೂಲ್ಯೂರ್ ಎಂಬ ಬೇರೆಯೇ ಆಕರ್ಷಕ ಬೇಕು.

ಇನ್ನು ಎಲೆಗಳ ಮಾತು. ನರಗಳ ನಡುವೆ ಮೂಲೆಮೂಲೆಯಾದ ಹಳದಿ ಮಚ್ಚೆ, ಮುಂಜಾನೆ ಎಲೆಯಡಿಯಲ್ಲಿ ಬೂದುಬಣ್ಣದ ನವಿರು ಬೂಷ್ಟು ಕಂಡರೆ ಅದು ಮಳೆಗಾಲದ ಬೂಷ್ಟು ರೋಗ. ತಗಲಿದ ಎಲೆಗಳನ್ನು ತೆಗೆದು ಸುಡಬೇಕು, ಚಪ್ಪರದಲ್ಲಿ ಗಾಳಿಯಾಡಬೇಕು. ಅಡಿಕೆಗೆ ಹೊಡೆದುಳಿದ ಬೋರ್ಡೋ ದ್ರಾವಣವನ್ನು ಹಾಳಾಗಬಾರದೆಂದು ಬಳ್ಳಿಗೆ ಎರಚುವ ಆಸೆ ಬೇಡ. ಸೌತೆಯ ಎಳೆಯ ಎಲೆ ತುತ್ತದಿಂದ ಸುಟ್ಟುಹೋಗಬಹುದು. ಎಲೆ ಸುಕ್ಕುಗಟ್ಟಿ ಹಸಿರು-ಹಳದಿಯ ಚಿತ್ತಾರವಾದರೆ ಅದು ವೈರಸ್ಸು. ಅದಕ್ಕೆ ಮದ್ದಿಲ್ಲ, ಬಳ್ಳಿಯನ್ನೇ ಕಿತ್ತು ಉಳಿದವನ್ನು ಕಾಯಬೇಕು. ಬೀಜದೆಲೆಗಳನ್ನು ತೂತುಮಾಡುವ ಕಿತ್ತಳೆಬಣ್ಣದ ಜೀರುಂಡೆಯನ್ನು ಮುಂಜಾನೆ ಕೈಯಿಂದಲೇ ಹಿಡಿಯಬಹುದು.

ಕಹಿಯಾದ ಕಾಯಿಗೆ ಕಾರಣ ರೋಗವಲ್ಲ. ನೀರಿನ ಕೊರತೆ, ಬಿಸಿಲಿನ ತಾಪ, ಕೆಲವೊಮ್ಮೆ ಬೀಜದ ಗುಣ ಅದನ್ನು ತರುತ್ತವೆ. ಕಹಿ ಹೆಚ್ಚಾಗಿ ತೊಟ್ಟಿನ ಬದಿಯಲ್ಲೂ ಸಿಪ್ಪೆಯಡಿಯಲ್ಲೂ ಇರುವುದು. ಅಷ್ಟನ್ನು ಧಾರಾಳವಾಗಿ ಕೊಯ್ದು ತೆಗೆದು ರುಚಿ ನೋಡಿರಿ. ಮತ್ತೂ ಕಹಿಯೆನಿಸಿದರೆ ಆ ಕಾಯಿ ತಿನ್ನತಕ್ಕದ್ದಲ್ಲ.