ಬೂದಿ ಗುಡ್ಡೆಯ ಮೇಲೊಂದು ಚಾವಣಿ

ಮುಂದಿನ ಸಲ ಟಿವಿಯಲ್ಲಿ ಯುಎಸ್ ಓಪನ್ ಟೆನಿಸ್ ಬಂದಾಗ ಚೆಂಡು ಬಿಟ್ಟು ಒಂದು ಗಳಿಗೆ ಮೇಲೆ ನೋಡಿ. ನ್ಯೂಯಾರ್ಕಿನ ಆರ್ಥರ್ ಆಶ್ ಸ್ಟೇಡಿಯಂ ಅದು. 2023ರಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಡಬಲ್ಸ್ ಫೈನಲ್ ಆಡಿದ್ದು ಅಲ್ಲೇ. 23,000ಕ್ಕೂ ಹೆಚ್ಚು ಜನ ಕೂರುವ, ಟೆನಿಸ್‌ಗೆಂದೇ ಕಟ್ಟಿದ ಜಗತ್ತಿನ ಅತಿ ದೊಡ್ಡ ಅಂಗಣ. ನೆತ್ತಿಯ ಮೇಲೆ ತೆರೆದು ಮುಚ್ಚುವ ಚಾವಣಿ, ಸಾವಿರಾರು ಟನ್ ಉಕ್ಕು! ಆದರೆ ಆ ಭಾರದಲ್ಲಿ ಒಂದೇ ಒಂದು ಕಿಲೋವನ್ನೂ ಅದು ಕೆಳಗಿನ ಸ್ಟೇಡಿಯಂ ಮೇಲೆ ಹೊರಿಸಿಲ್ಲ.

ಅದು ಹೇಗೆ? ಇದರ ಬೆನ್ನು ಹತ್ತಿದರೆ ಸಿಗುವುದು ಡೆಟ್ರಾಯಿಟ್‌ನ ಒಂದು ಮನೆತನ, ರೊಸೆಟ್ಟಿ. ಅಜ್ಜ, ಮಗ, ಮೊಮ್ಮಗ ಮೂವರೂ ವಾಸ್ತುಶಿಲ್ಪಿಗಳು.

ಸ್ಟೇಡಿಯಂ ನಿಂತಿರುವ ನೆಲದ ಕಥೆಯೇ ಬೆರಗು ಹುಟ್ಟಿಸುತ್ತದೆ. ನ್ಯೂಯಾರ್ಕಿನ ಒಲೆಗಳಲ್ಲಿ ಉರಿದ ಕಲ್ಲಿದ್ದಲಿನ ಬೂದಿಯನ್ನು ವರ್ಷಾನುಗಟ್ಟಲೆ ತಂದು ಸುರಿದದ್ದು ಇಲ್ಲಿನ ಜೌಗು ಜಾಗದಲ್ಲಿ. ಸ್ಕಾಟ್ ಫಿಟ್ಜೆರಾಲ್ಡ್ 1925ರ 'ದ ಗ್ರೇಟ್ ಗ್ಯಾಟ್ಸ್‌ಬಿ'ಯಲ್ಲಿ ಚಿತ್ರಿಸಿದ ಬೂದಿ ಕಣಿವೆಯ ಮೂಲ ಇದೇ. 1939ರ ವಿಶ್ವ ಮೇಳಕ್ಕಾಗಿ ಅದನ್ನು ಹರಡಿ ಉದ್ಯಾನ ಮಾಡಿದರು. 1997ರಲ್ಲಿ ರೊಸೆಟ್ಟಿ ಸಂಸ್ಥೆ ವಿನ್ಯಾಸ ಮಾಡಿದ ಸ್ಟೇಡಿಯಂ ಎದ್ದಾಗ ಅದಕ್ಕೆ ಚಾವಣಿ ಇರಲಿಲ್ಲ. ಆಮೇಲೆ ಮಳೆ ಬಿಡಲಿಲ್ಲ! 2008ರಿಂದ 2012ರವರೆಗೆ ಐದು ವರ್ಷ ಸತತವಾಗಿ ಪುರುಷರ ಫೈನಲ್ ಸೋಮವಾರಕ್ಕೆ ಹೋಯಿತು. ಚಾವಣಿ ಹಾಕೋಣವೆಂದರೆ ಕಟ್ಟಡಕ್ಕೆ ಅಷ್ಟು ಹೊರುವ ಶಕ್ತಿಯಿಲ್ಲ, ಕೆಳಗಿನ ನೆಲ ಮೆತ್ತಗೆ.

ಆಗ ಅದೇ ಸಂಸ್ಥೆ, ಮೊಮ್ಮಗ ಮ್ಯಾಟ್ ರೊಸೆಟ್ಟಿ ಮುಂದಾಳತ್ವದಲ್ಲಿ, ಕೊಟ್ಟ ಉತ್ತರ ಎಷ್ಟು ಸರಳ ನೋಡಿ: ಸ್ಟೇಡಿಯಂ ಹೊರಲಾರದಾದರೆ ಅದಕ್ಕೆ ಹೊರಿಸುವುದೇ ಬೇಡ. ಹೊರಗೆ ಸುತ್ತಲೂ ಎಂಟು ಉಕ್ಕಿನ ಕಂಬ, ಅವುಗಳ ಬುಡದಲ್ಲಿ ಬೂದಿ ಕೆಸರು ದಾಟಿ ಆಳಕ್ಕಿಳಿದ ಪೈಲ್‌ಗಳು. ಸ್ಟೇಡಿಯಂ ಮೇಲೆ ಇನ್ನೊಂದು ಸ್ವತಂತ್ರ ಕಟ್ಟಡ! ತೂಕ ಉಳಿಸಲು ಹೊದಿಸಿದ್ದು ಬೆಳಕು ಸೋಸಿ ಬಿಡುವ ಪಿಟಿಎಫ್ಇ ಬಟ್ಟೆ. ನಮ್ಮ ನಾನ್‌ಸ್ಟಿಕ್ ದೋಸೆ ಕಾವಲಿಗೆ ಬಳಿಯುವ ಟೆಫ್ಲಾನ್ ಅದೇ ವಸ್ತು. ಸುಮಾರು 500 ಟನ್ನಿನ ಎರಡು ಹಲಗೆಗಳು ಹಳಿಯ ಮೇಲೆ ಜಾರಿ ಬಂದು ಹತ್ತು ನಿಮಿಷದೊಳಗೆ ಆಕಾಶ ಮುಚ್ಚುತ್ತವೆ. 2016ರ ಆಗಸ್ಟ್ 31ರ ರಾತ್ರಿ ನಡಾಲ್ ಆಟದ ನಡುವೆ ಹನಿ ಬಿದ್ದಾಗ ಮೊದಲ ಬಾರಿಗೆ ಆಟಕ್ಕಾಗಿ ಮುಚ್ಚಿದ್ದೂ ಹೀಗೇ.

ಅಜ್ಜನ ಕೆಲಸ ಇನ್ನೂ ರೋಮಾಂಚಕ. ಲೂಯಿ ರೊಸೆಟ್ಟಿ ಪಾಲುದಾರರಾಗಿದ್ದ ಗಿಫೆಲ್ಸ್ ಅಂಡ್ ರೊಸೆಟ್ಟಿ ಸಂಸ್ಥೆ ಡೆಟ್ರಾಯಿಟ್‌ನಲ್ಲಿ ರೂಪಿಸಿದ ಕೋಬೊ ಹಾಲ್ 1960ರಲ್ಲಿ ತೆರೆಯಿತು. ಮಾರ್ಟಿನ್ ಲೂಥರ್ ಕಿಂಗ್ 1963ರ ಜೂನ್ 23ರಂದು ತಮ್ಮ 'ನನಗೊಂದು ಕನಸಿದೆ' ಭಾಷಣದ ಆರಂಭದ ರೂಪವನ್ನು ಆಡಿದ್ದು ಅಲ್ಲಿ, ವಾಷಿಂಗ್ಟನ್‌ನಲ್ಲಿ ಆಡಿದ್ದಕ್ಕಿಂತ ಎರಡು ತಿಂಗಳು ಮೊದಲೇ! ಅದರ ಅರೀನಾದಲ್ಲೇ 1961ರಿಂದ 1978ರವರೆಗೆ ಪಿಸ್ಟನ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಆಡಿತು. ಅದೇ ತಂಡಕ್ಕೆ 1988ರಲ್ಲಿ ಹೊಸ ಮನೆ ಮಾಡಿಕೊಟ್ಟವರು ಮಗ ಜಿನೋ, 1969ರಲ್ಲಿ ಸ್ವಂತ ಸಂಸ್ಥೆ ತೆರೆದವರು. ಅದು ಪ್ಯಾಲೇಸ್ ಆಫ್ ಆಬರ್ನ್ ಹಿಲ್ಸ್. ಆವರೆಗೆ ಅರೀನಾಗಳಲ್ಲಿ ದುಬಾರಿ ಖಾಸಗಿ ಕೋಣೆಗಳು ಸಾಮಾನ್ಯವಾಗಿ ಚಾವಣಿಯ ಅಂಚಿನಲ್ಲಿ ಇರುತ್ತಿದ್ದವು. ಹೆಚ್ಚು ಹಣ ಕೊಟ್ಟವನು ಹೆಚ್ಚು ದೂರ ಕೂರುವ ವಿಚಿತ್ರ! ಜಿನೋ ಅವನ್ನು ಆಟದ ಹತ್ತಿರಕ್ಕೆ ಇಳಿಸಿದರು. ಅಲ್ಲಿಂದಾಚೆ ಅಮೆರಿಕದ ಅನೇಕ ಅರೀನಾಗಳು ಈ ದಾರಿ ಹಿಡಿದವು. ಪ್ಯಾಲೇಸನ್ನು 2020ರಲ್ಲಿ ಸ್ಫೋಟಿಸಿ ಕೆಡವಿದ್ದು ನನಗೆ ಇಂದಿಗೂ ಅರಗದ ಸಂಗತಿ.

ಆದರೆ ನನ್ನನ್ನು ಅತಿ ಹೆಚ್ಚು ಸೆಳೆದದ್ದು ಆಶ್ ಪಕ್ಕದಲ್ಲೇ 2018ರಲ್ಲಿ ತೆರೆದ 14,000 ಆಸನದ ಹೊಸ ಲೂಯಿ ಆರ್ಮ್‌ಸ್ಟ್ರಾಂಗ್ ಸ್ಟೇಡಿಯಂ. ಅದಕ್ಕೂ ಸರಿಯುವ ಚಾವಣಿ ಇದೆ, ಏಸಿ ಇಲ್ಲ! ಬದಿಗಳಲ್ಲಿ ಸುಟ್ಟ ಮಣ್ಣಿನ ಪಟ್ಟಿಗಳನ್ನು ಒಂದರ ಮೇಲೊಂದು ಓರೆಯಾಗಿ ಜೋಡಿಸಿದ್ದಾರೆ. ಮಳೆ ಹೊರಗೇ ಜಾರುತ್ತದೆ, ಗಾಳಿ ಸಂದಿಯಲ್ಲಿ ನುಗ್ಗುತ್ತದೆ. ಮಳೆ ಒಂದೇ, ಸಂಸ್ಥೆ ಒಂದೇ. ಆಶ್‌ನೊಳಗಿನ ತೇವ ಹೀರಲು ತಣ್ಣಗಿನ ಗಾಳಿ ಊದುವ ಯಂತ್ರಗಳು ಬೇಕು, ಪಕ್ಕದ ಅಂಗಣಕ್ಕೆ ಬೀಸುವ ಗಾಳಿಯೇ ಸಾಕು.