ಸೈಕಲ್ ತುಳಿದವರು ಬೆಟ್ಟ ಹತ್ತಿದರು, ಬಾನಿಗೂ ಏರಿದರು

ಹಳೇಬೀಡಿನಿಂದ ಬೇಲೂರಿಗೆ 16 ಕಿಲೋಮೀಟರ್. ದಾರಿಯುದ್ದಕ್ಕೂ ರಾಗಿ, ಮುಸುಕಿನ ಜೋಳ, ಆಲೂಗಡ್ಡೆಯ ಹೊಲಗಳು. ಕಣ್ಣು ಹಾಯಿಸಿದಷ್ಟೂ ಬಯಲು. ಬೇಲೂರು ದಾಟಿ ಅರೇಹಳ್ಳಿಯ ದಾರಿ ಹಿಡಿದ ಸ್ವಲ್ಪ ಹೊತ್ತಿಗೆಲ್ಲ ನೆಲ ಏಳುತ್ತ ಬೀಳುತ್ತ ಸಾಗುತ್ತದೆ. ಮೊದಲು ಸಿಲ್ವರ್ ಮರಗಳ ಸಾಲು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಆಮೇಲೆ ರಸ್ತೆಯ ಎರಡೂ ಬದಿಗೆ ಕಾಫಿ. ಬಯಲುಸೀಮೆ ಎಲ್ಲಿ ಮುಗಿಯಿತು, ಮಲೆನಾಡು ಎಲ್ಲಿ ಶುರುವಾಯಿತು ಎಂದು ಕಾರಿನಲ್ಲಿ ಬಂದವರನ್ನು ಕೇಳಿ, ಹೇಳಲಾರರು. ಸೈಕಲ್ಲಿನಲ್ಲಿ ಬಂದವರು ಹೇಳಬಲ್ಲರು. ಮೊದಲ ಏರಿನಲ್ಲಿ ಅವರ ತೊಡೆಗೆ ಗೊತ್ತಾಗಿರುತ್ತದೆ. ನೆರಳು ಬಿದ್ದ ಮೊದಲ ತಿರುವಿನಲ್ಲಿ ಬೆವೆತ ಕುತ್ತಿಗೆಗೆ ಗೊತ್ತಾಗಿರುತ್ತದೆ.

ಒಂದೂಕಾಲು ಶತಮಾನದ ಹಿಂದೆ, ಹೊರದೇಶದ ಜೋಡಿಯೊಂದು ಇಡೀ ಭಾರತವನ್ನೇ ಹೀಗೆ ತೊಡೆಯ ಬಲದಿಂದ ತಿಳಿದುಕೊಂಡಿತು. ಹೆಂಡತಿ ಫ್ಯಾನಿ ಬುಲಕ್ ವರ್ಕ್‌ಮನ್, ಗಂಡ ವಿಲಿಯಂ ಹಂಟರ್ ವರ್ಕ್‌ಮನ್. ಇಬ್ಬರೂ ಅಮೆರಿಕದ ಮ್ಯಾಸಚೂಸೆಟ್ಸಿನವರು. ಫ್ಯಾನಿ ಅಲ್ಲಿಯ ಗವರ್ನರ್ ಆಗಿದ್ದವರ ಮಗಳು, ವಿಲಿಯಂ ವೈದ್ಯ. ಅವರು 1889ರಲ್ಲೇ ತಾಯ್ನಾಡು ಬಿಟ್ಟು ಜರ್ಮನಿಗೆ ಬಂದು ನೆಲೆಸಿದ್ದರು. ಆಗಷ್ಟೇ ಎರಡೂ ಗಾಲಿ ಒಂದೇ ಅಳತೆಯ, ಚೈನ್ ಇರುವ ಸೈಕಲ್ ಬಂದಿತ್ತು. ಈಗ ನಾವು ಓಡಿಸುವುದೂ ಹೆಚ್ಚುಕಮ್ಮಿ ಅದನ್ನೇ. ಅಲ್ಜೀರಿಯಾ, ಸ್ಪೇನ್‌ಗಳನ್ನು ಸೈಕಲ್ಲಿನಲ್ಲಿ ಸುತ್ತಿದ ಮೇಲೆ 1897ರ ಕೊನೆಗೆ ಅವರು ಸಿಂಹಳಕ್ಕೆ ಬಂದಿಳಿದು, ಅಲ್ಲಿಂದ ಭಾರತದ ದಕ್ಷಿಣದ ತುದಿಗೆ ದಾಟಿದರು. ಮುಂದಿನ ಎರಡು ವರ್ಷಗಳ ಆಸುಪಾಸಿನಲ್ಲಿ ಅವರು ಏಷ್ಯಾದಲ್ಲಿ ಸೈಕಲ್ ತುಳಿದ ದೂರ ಸುಮಾರು 14,000 ಮೈಲಿ.

ಅವರನ್ನು ಎಳೆತಂದದ್ದು ನಮ್ಮ ದೇವಾಲಯಗಳು. ರೈಲು ನಿಲ್ಲುವ ಊರುಗಳನ್ನಷ್ಟೇ ನೋಡಿ ಹಿಂದಿರುಗುವ ಪ್ರವಾಸಿಗರ ಸಾಲಿನಲ್ಲಿ ನಿಲ್ಲಲು ಅವರು ಒಪ್ಪಲಿಲ್ಲ. ಗುಡಿ ಇರುವ ಹಳ್ಳಿಯತ್ತ ಸೈಕಲ್ ತಿರುಗಿಸಿ, ಚಿತ್ರ ತೆಗೆದು, ಅಳೆದು ಬರೆದುಕೊಂಡರು. ಮೈಸೂರು ಸೀಮೆಯನ್ನೂ ಹಾದರು. ಆ ಕಾಲದ ಇಂಗ್ಲಿಷ್ ವಿದ್ವಾಂಸರು ಹೊಯ್ಸಳ ಶಿಲ್ಪವನ್ನೂ ಸೇರಿಸಿ 'ಚಾಲುಕ್ಯ ಶೈಲಿ' ಎಂದು ಕರೆಯುತ್ತಿದ್ದರು. ಆ ಶೈಲಿಯ ಗುಡಿಗಳ ಮೇಲೆ ಈ ದಂಪತಿಗೆ ವಿಶೇಷ ಪ್ರೀತಿ. 1904ರಲ್ಲಿ ಪ್ರಕಟವಾದ ಅವರ ಪ್ರವಾಸಗ್ರಂಥದ ತುಂಬ ಈ ಪ್ರೀತಿ ಕಾಣುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 2023ರ ಸೆಪ್ಟೆಂಬರಿನಲ್ಲಿ. ಈಗ ಅಲ್ಲಿಗೆ ಬಸ್ಸುಗಟ್ಟಲೆ ಜನ ಬರುತ್ತಾರೆ. ಆಗ ಮಣ್ಣಿನ ದಾರಿ, ಜಾಲಿಮುಳ್ಳು, ನೀರಿಗೂ ತತ್ವಾರ. ಮುಳ್ಳು ಚುಚ್ಚಿ ಒಂದೇ ದಿನ ನಲವತ್ತರಷ್ಟು ಪಂಕ್ಚರ್ ಆದದ್ದೂ ಉಂಟಂತೆ. ಪ್ರವಾಸಿ ಬಂಗಲೆ ಸಿಗದಿದ್ದರೆ ರೈಲು ನಿಲ್ದಾಣದ ತಂಗುಕೋಣೆಯಲ್ಲೇ ರಾತ್ರಿ ಕಳೆಯಬೇಕಿತ್ತು. ಫ್ಯಾನಿಗೆ ಆಗ ನಲವತ್ತರ ಹತ್ತಿರದ ವಯಸ್ಸು. ಉದ್ದ ಲಂಗ ತೊಟ್ಟೇ ಸೈಕಲ್ ತುಳಿಯುತ್ತಿದ್ದಳು.

ಮುಂದಿನದ್ದು ನನಗೆ ಬಹಳ ಇಷ್ಟವಾದ ಭಾಗ. 1898ರ ಬೇಸಿಗೆಯಲ್ಲಿ ಬಯಲಿನ ಸೆಕೆ ತಾಳದೆ ಇಬ್ಬರೂ ಸೈಕಲ್ ಬಿಟ್ಟು ಕಾಶ್ಮೀರ, ಲಡಾಖ್ ಕಡೆಗೆ ಹೋದರು. ನಾಲ್ಕು ದಿನ ತಂಪಿನಲ್ಲಿದ್ದು ಬರೋಣವೆಂದು ಹೋದವರನ್ನು ಹಿಮಾಲಯ ಬಿಡಲೇ ಇಲ್ಲ. ಮುಂದಿನ ಹದಿನಾಲ್ಕು ವರ್ಷಗಳಲ್ಲಿ ಮತ್ತೆ ಮತ್ತೆ ಕಾರಕೋರಂಗೆ ಬಂದರು. 1906ರಲ್ಲಿ, ತನ್ನ 47ನೇ ವಯಸ್ಸಿನಲ್ಲಿ, ಫ್ಯಾನಿ ಸುಮಾರು 6,930 ಮೀಟರ್ ಎತ್ತರದ ಪಿನಕಲ್ ಶಿಖರ ಏರಿದಳು. ಹೆಣ್ಣೊಬ್ಬಳು ಏರಿದ ಅತಿ ಎತ್ತರವೆಂಬ ಆ ದಾಖಲೆ 1934ರವರೆಗೂ ಉಳಿಯಿತು. 1912ರಲ್ಲಿ ಸಿಯಾಚಿನ್ ಹಿಮನದಿಯ ಮೇಲೆ, ಹೆಂಗಸರಿಗೆ ಮತದ ಹಕ್ಕು ಬೇಕೆನ್ನುವ ಪತ್ರಿಕೆಯನ್ನು ಬಿಡಿಸಿ ಹಿಡಿದು ಫೋಟೊ ತೆಗೆಸಿಕೊಂಡಳು. 1925ರಲ್ಲಿ ತೀರಿಕೊಂಡಾಗ ಅಮೆರಿಕದ ನಾಲ್ಕು ಮಹಿಳಾ ಕಾಲೇಜುಗಳಿಗೆ 1,25,000 ಡಾಲರ್ ಬರೆದಿಟ್ಟಿದ್ದಳು.

ಈ ಜೋಡಿಯನ್ನು ಹೊಗಳುವಾಗ ಒಂದು ಮಾತು ಮುಚ್ಚಿಡಬಾರದು. ಹೊರೆ ಹೊತ್ತ ಬಾಲ್ಟಿ, ಕಾಶ್ಮೀರಿ ಕೂಲಿಗಳ ಬಗ್ಗೆ ಅವರು ಬರೆದದ್ದರಲ್ಲಿ ದರ್ಪ ಇದೆ. ಗುಡಿ ಕಟ್ಟಿದ ಕೈಗಳಿಗೆ ಮಣಿದವರು ಎದುರಿಗಿದ್ದ ಕೈಗಳನ್ನು ಸರಿಯಾಗಿ ನೋಡಲಿಲ್ಲ. ದಾರಿಹೋಕರಾಗಿ ಬಂದರು, ದಾರಿಹೋಕರಾಗಿಯೇ ಹೋದರು.

ವರ್ಕ್‌ಮನ್ ದಂಪತಿ ಭಾರತ ಸುತ್ತಿದ ಅದೇ ದಶಕದಲ್ಲಿ, ಬೇಲೂರಿನ ಪಶ್ಚಿಮದ ಮಲೆಯಲ್ಲಿ, ಹೋಗದೆ ಉಳಿದ ಹೊರದೇಶದವರ ಗುಂಪೊಂದಿತ್ತು. ನಮ್ಮ ಕಡೆಯ ಹಿರಿಯರು ಅವರನ್ನು ದೊರೆಗಳು ಎನ್ನುತ್ತಿದ್ದರು, ತೋಟಗಳಿಗೂ 'ದೊರೆ ತೋಟ' ಎಂಬ ಹೆಸರು ನಿಂತಿತ್ತು. ಈಗ ಸಕಲೇಶಪುರ ಎನ್ನುವ ಮಂಜರಾಬಾದಿನಲ್ಲಿ ಗ್ರೀನ್ ಎಂಬಾತ 1843ರಲ್ಲಿ ಕಾಫಿ ತೋಟ ಶುರುಮಾಡಿದ. 1856ರಲ್ಲಿ, ಇನ್ನೂ ಇಪ್ಪತ್ತು ತುಂಬದ ಸ್ಕಾಟ್ಲೆಂಡಿನ ರಾಬರ್ಟ್ ಎಲಿಯಟ್ ಇದೇ ಕಾಡಿಗೆ ಬಂದ. ಮುಂದೆ ಆತ ಮೈಸೂರಿನ ಪ್ಲಾಂಟರ್ ಬದುಕಿನ ಬಗ್ಗೆ 1871ರಲ್ಲೊಮ್ಮೆ, 1894ರಲ್ಲೊಮ್ಮೆ ಪುಸ್ತಕ ಬರೆದ. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ಪ್ಲಾಂಟರುಗಳ ಪರವಾಗಿ ಕೂತ.

ಎಲಿಯಟ್‌ನ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇಟೆಯ ಕಥೆಗಳಲ್ಲ, ನೆರಳಿನ ಕಥೆ. ಸಿಂಹಳದ ರೀತಿಯಲ್ಲಿ ಕಾಡನ್ನು ಪೂರ್ತಿ ಕಡಿದು ಬಿಸಿಲಿಗೆ ಹಾಕಿದ ಕಾಫಿಯನ್ನು 1860ರ ದಶಕದಲ್ಲಿ ಬಿಳಿ ಕಾಂಡಕೊರಕ ನೆಲಕಚ್ಚಿಸಿತು. ಕಾಫಿಗೆ ಮರದ ನೆರಳು ಬೇಕೇಬೇಕು ಎಂಬುದನ್ನು ಈ ಮಲೆಯೇ ಕಲಿಸಿತು. ಕಲಿತ ಮೇಲೆ ಎಲಿಯಟ್ ಅದನ್ನು ಜೀವಮಾನವಿಡೀ ಹೇಳುತ್ತಲೇ ಬಂದ. ಯಾವ ನೆರಳು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಬರೆಯುವಾಗ ಬಸರಿ, ಗೋಣಿ ಮರಗಳ ಕನ್ನಡ ಹೆಸರುಗಳನ್ನೇ ಇಂಗ್ಲಿಷ್ ಪುಸ್ತಕದಲ್ಲಿ ಬಳಸಿದ. ಕೊನೆಗೆ ಸ್ಕಾಟ್ಲೆಂಡಿನ ತನ್ನ ಜಮೀನಿನಲ್ಲಿ, ಆಳಕ್ಕೆ ಬೇರಿಳಿಸುವ ಹುಲ್ಲು ಮತ್ತು ಗಿಡಗಳನ್ನು ಬಿತ್ತಿ ದಣಿದ ಮಣ್ಣಿಗೆ ಸತ್ವ ತುಂಬುವ ಪದ್ಧತಿಯೊಂದನ್ನು ರೂಪಿಸಿದ. ಕ್ಲಿಫ್ಟನ್ ಪಾರ್ಕ್ ಪದ್ಧತಿ ಎಂದು ಅದು ಹೆಸರಾಯಿತು. ಮಂಜರಾಬಾದಿನ ತೋಟದಲ್ಲಿ ಮಣ್ಣಿನ ಮೇಲೆ ದಶಕಗಟ್ಟಲೆ ಕಣ್ಣಿಟ್ಟಿದ್ದವನು ಅಲ್ಲಿಯೂ ಕೈ ಹಾಕಿದ್ದು ಮಣ್ಣಿಗೇ.

ಅರೇಹಳ್ಳಿಯ ದಾರಿಯಲ್ಲಿ ಸೈಕಲ್ ತುಳಿಯುವಾಗ ನಮಗೆ ಸಿಗುವುದು ಇದೇ ನೆರಳು. ಮೇಲೆ ಹಾಲವಾಣ, ಬಸರಿ, ಹಲಸು, ನಡುವೆ ಮೆಣಸು, ಕೆಳಗೆ ಕಾಫಿ. ಮಾರ್ಚ್ ಹೊತ್ತಿಗೆ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡವೆಲ್ಲ ಬಿಳುಪಾದಾಗ ಆ ಪರಿಮಳದ ನಡುವೆ ಏರು ಹತ್ತುವುದು ದಣಿವೆನಿಸುವುದಿಲ್ಲ. ವಿಮಾನದಿಂದ ನೋಡಿದವರಿಗೆ ಇಲ್ಲಿ ಕಾಫಿ ಕಾಣುವುದೇ ಇಲ್ಲ, ಬರೀ ಕಾಡು ಕಾಣುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಭೂಪಟದಲ್ಲಿ ನೇರ ಗೆರೆ ಎಳೆದರೆ ಅದು ಈ ಮಲೆಯ ಮೇಲೆಯೇ ಹಾಯುತ್ತದೆ. ಬಜ್ಪೆಯ ನಿಲ್ದಾಣ 1951ರ ಡಿಸೆಂಬರಿನಲ್ಲಿ ಶುರುವಾದಾಗಿನಿಂದ ಇಲ್ಲಿಯ ಮಕ್ಕಳು ತಲೆಯೆತ್ತಿ ವಿಮಾನ ನೋಡುತ್ತ ಬೆಳೆದಿದ್ದಾರೆ. ಕಣದಲ್ಲಿ ಕಾಫಿ ಹರಡುತ್ತಿದ್ದ ಹುಡುಗ ಕೆಲಸ ನಿಲ್ಲಿಸಿ, ಸದ್ದು ಕರಗುವವರೆಗೂ ಆಕಾಶ ನೋಡುತ್ತ ನಿಂತದ್ದನ್ನು ನಾನೂ ಕಂಡಿದ್ದೇನೆ.

ಅಂಥ ಹುಡುಗನಿಗೆ ಹೇಳಬೇಕಾದ ಕಥೆ ಒಂದಿದೆ. ವಿಮಾನ ಹುಟ್ಟಿದ್ದು ಸೈಕಲ್ ಅಂಗಡಿಯಲ್ಲಿ.

ಅಮೆರಿಕದ ಡೇಟನ್ ಊರಿನಲ್ಲಿ ವಿಲ್ಬರ್ ಮತ್ತು ಆರ್ವಿಲ್ ರೈಟ್ 1892ರಲ್ಲಿ ಸೈಕಲ್ ಮಾರುವ, ರಿಪೇರಿ ಮಾಡುವ ಅಂಗಡಿ ತೆರೆದರು. ನಾಲ್ಕು ವರ್ಷದ ಮೇಲೆ ತಾವೇ ಸೈಕಲ್ ಕಟ್ಟಿ ಮಾರತೊಡಗಿದರು. ವರ್ಕ್‌ಮನ್ ದಂಪತಿ ಭಾರತದಲ್ಲಿ ಪಂಕ್ಚರ್ ಹಾಕಿಕೊಳ್ಳುತ್ತಿದ್ದ ಅದೇ ವರ್ಷಗಳು. 1899ರಲ್ಲಿ ಒಂದು ದಿನ ವಿಲ್ಬರ್ ಅಂಗಡಿಯಲ್ಲಿ ಗಿರಾಕಿಯೊಂದಿಗೆ ಮಾತಾಡುತ್ತ, ಸೈಕಲ್ ಟ್ಯೂಬಿನ ಖಾಲಿ ರಟ್ಟಿನ ಪೆಟ್ಟಿಗೆಯನ್ನು ಸುಮ್ಮನೆ ಕೈಯಲ್ಲಿ ತಿರುಚುತ್ತಿದ್ದ. ಪೆಟ್ಟಿಗೆಯ ಒಂದು ತುದಿ ಹೀಗೆ ಬಾಗಿದರೆ ಇನ್ನೊಂದು ಹಾಗೆ ಬಾಗುತ್ತಿತ್ತು. ರೆಕ್ಕೆಯನ್ನೂ ಹೀಗೆಯೇ ತಿರುಚಿದರೆ ಹಾರುವ ಯಂತ್ರವನ್ನು ಎಡಬಲಕ್ಕೆ ವಾಲಿಸಬಹುದು ಎಂದು ಹೊಳೆಯಿತು.

ವಾಲಿಸುವುದೇಕೆ? ಇಲ್ಲಿಯೇ ಸೈಕಲ್ಲಿನ ತಿಳಿವಳಿಕೆ ಕೆಲಸ ಮಾಡಿದ್ದು. ಆ ಕಾಲದಲ್ಲಿ ವಿಮಾನದ ಹಿಂದೆ ಬಿದ್ದಿದ್ದ ಹೆಚ್ಚಿನವರು ಅದನ್ನು ಹಡಗಿನ ಹಾಗೆ ಎಣಿಸಿದ್ದರು: ತಾನಾಗಿಯೇ ಸಮವಾಗಿ ನಿಲ್ಲಬೇಕು, ಚುಕ್ಕಾಣಿ ತಿರುಗಿಸಿದರೆ ತಿರುಗಬೇಕು. ಸೈಕಲ್ ಓಡಿಸುವವರಿಗೆ ಬೇರೆಯದೇ ಗೊತ್ತು. ಸೈಕಲ್ ತಾನಾಗಿ ನಿಲ್ಲುವುದಿಲ್ಲ, ಓಡಿಸುವವನು ಕ್ಷಣಕ್ಷಣಕ್ಕೂ ಅದನ್ನು ನಿಲ್ಲಿಸಿಕೊಳ್ಳುತ್ತಾನೆ. ತಿರುವಿನಲ್ಲಿ ಬರೀ ಹ್ಯಾಂಡಲ್ ತಿರುಗಿಸಿದರೆ ಬೀಳುತ್ತೇವೆ. ಮೈಯನ್ನು ಒಳಗಡೆಗೆ ವಾಲಿಸಬೇಕು. ಬೇಲೂರು–ಅರೇಹಳ್ಳಿ ರಸ್ತೆಯ ಯಾವುದೇ ಇಳಿಜಾರಿನ ತಿರುವಿನಲ್ಲಿ ಹೈಸ್ಕೂಲು ಹುಡುಗಿಯೊಬ್ಬಳು ಯೋಚನೆಯೇ ಇಲ್ಲದೆ ಮಾಡುವ ಕೆಲಸ ಇದು. ಇದನ್ನೇ ಗಾಳಿಯಲ್ಲಿ ಮಾಡಬೇಕೆಂದು ರೈಟ್ ಸಹೋದರರಿಗೆ ತಿಳಿದದ್ದೇ ಮಿಕ್ಕವರಿಗಿಂತ ಅವರು ಮುಂದಾಗಲು ದೊಡ್ಡ ಕಾರಣ.

1901ರಲ್ಲಿ ಸೈಕಲ್ಲಿನ ಹ್ಯಾಂಡಲ್ ಮುಂದೆ ಅಡ್ಡಡ್ಡಲಾಗಿ ಇನ್ನೊಂದು ಗಾಲಿ ಕೂರಿಸಿ, ಅದಕ್ಕೆ ಪುಟ್ಟ ರೆಕ್ಕೆ ಕಟ್ಟಿ, ಊರ ಬೀದಿಯಲ್ಲಿ ಜೋರಾಗಿ ತುಳಿದು ಗಾಳಿಯ ಒತ್ತಡ ಅಳೆದರು. ಎಂಜಿನ್ನನ್ನು ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಅಲ್ಲೇ ಕಟ್ಟಿದ. ಎಂಜಿನ್ನಿನಿಂದ ಪ್ರೊಪೆಲರಿಗೆ ಬಲ ಹೋದದ್ದು ಚೈನ್ ಮತ್ತು ಹಲ್ಲುಚಕ್ರದ ಮೂಲಕ. ಹಳಿಯ ಮೇಲೆ ವಿಮಾನವನ್ನು ಉರುಳಿಸಿದ್ದು ಸೈಕಲ್ ಹಬ್ಬುಗಳ ಮೇಲೆ. 1903ರ ಡಿಸೆಂಬರ್ 17ರಂದು ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಅದೇ ದಿನದ ನಾಲ್ಕನೆಯದು 59 ಸೆಕೆಂಡು, 852 ಅಡಿ.

ನಂಟು ಅಲ್ಲಿಗೇ ಮುಗಿಯಲಿಲ್ಲ. 1979ರ ಜೂನ್ 12ರಂದು ಬ್ರಯನ್ ಅಲೆನ್ ಎಂಬ ಸೈಕಲ್ ಸವಾರ, ಎಂಜಿನ್ನೇ ಇಲ್ಲದ ವಿಮಾನವನ್ನು ಪೆಡಲ್ ತುಳಿದೇ ಹಾರಿಸಿ ಇಂಗ್ಲಿಷ್ ಕಾಲುವೆ ದಾಟಿದ. 2 ಗಂಟೆ 49 ನಿಮಿಷ ತುಳಿದಿದ್ದ. 1988ರ ಏಪ್ರಿಲಿನಲ್ಲಿ ಗ್ರೀಸಿನ ಸೈಕಲ್ ಚಾಂಪಿಯನ್ ಕನೆಲೋಸ್ ಕನೆಲೊಪೌಲೋಸ್ ಕ್ರೀಟ್ ದ್ವೀಪದಿಂದ ಸ್ಯಾಂಟೊರಿನಿವರೆಗೆ ಸಮುದ್ರದ ಮೇಲೆ 115 ಕಿಲೋಮೀಟರ್ ಹಾಗೆಯೇ ಹಾರಿದ. ದಡ ಕೆಲವೇ ಮೀಟರ್ ಇದೆ ಎನ್ನುವಾಗ ಗಾಳಿಗೆ ವಿಮಾನದ ಬಾಲ ಮುರಿದು ನೀರಿಗೆ ಬಿದ್ದು, ಈಜಿ ದಡ ಸೇರಿದ. ಮನುಷ್ಯನ ಕಾಲಿನ ಬಲಕ್ಕೆ ಹಾರಾಟ ಎಟುಕುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆಕಾಶದ ಆಸೆ ನಮ್ಮ ಹಾಸನ ಜಿಲ್ಲೆಗೂ ಹೊಸತಲ್ಲ. ಅರಸೀಕೆರೆ ತಾಲ್ಲೂಕಿನ ಜಾವಗಲ್ ಹಳೇಬೀಡಿಗೆ ಹತ್ತಿರ. ಸೇನೆ ಬಿಟ್ಟು ಬಂದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಬೇಸಾಯಕ್ಕೆ ಇಳಿದದ್ದು ಇಲ್ಲಿ. ಹೇಮಾವತಿ ಜಲಾಶಯದಲ್ಲಿ ಗೊರೂರಿನ ಮನೆತನದ ಜಮೀನು ಮುಳುಗಿ, ಅದಕ್ಕೆ ಬದಲಾಗಿ ಸಿಕ್ಕ ಒಣನೆಲ. ಅಲ್ಲಿ ತೆಂಗು ಬೆಳೆಸಿ, ರೇಷ್ಮೆ ಕೃಷಿಯಲ್ಲಿ ಪರಿಸರಕ್ಕೆ ಒಗ್ಗುವ ದಾರಿ ಹುಡುಕಿದ್ದಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಹಾಸನದಲ್ಲಿ ಮೋಟಾರ್‌ಸೈಕಲ್ ಏಜೆನ್ಸಿ ನಡೆಸಿದರು, ಹೋಟೆಲ್ ನಡೆಸಿದರು. ಆಮೇಲೆ ಹೆಲಿಕಾಪ್ಟರ್ ಕಂಪನಿ. 2003ರ ಆಗಸ್ಟಿನಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಏರ್ ಡೆಕ್ಕನ್ ಹಾರಾಟ ಶುರುವಾಯಿತು. ಮುಂದೆ ಆ ಕಂಪನಿ ಬೇರೆಯವರ ಕೈ ಸೇರಿದ್ದು ನಿಜ. ಆದರೆ ಅಲ್ಲಿಯವರೆಗೆ ರೈಲಿನ ಜನರಲ್ ಬೋಗಿಯಷ್ಟೇ ಗೊತ್ತಿದ್ದ ಎಷ್ಟೋ ಮನೆಗಳ ಮೊದಲ ವಿಮಾನಯಾನ ಅದರಲ್ಲೇ ಆದದ್ದೂ ನಿಜ.

ಹಾಸನದ ಬಳಿ ವಿಮಾನ ನಿಲ್ದಾಣ ಆಗಬೇಕೆಂಬ ಮಾತು ಬಹಳ ಕಾಲದಿಂದ ಕೇಳಿಬರುತ್ತಿದೆ. ಆಗಲಿ. ಆದರೆ ಹಾರಾಟವನ್ನು ಪ್ರೀತಿಸುವ ಮಕ್ಕಳು ಈ ಸೀಮೆಯಲ್ಲಿ ಬೆಳೆಯಬೇಕಾದರೆ ರನ್‌ವೇಗಿಂತ ಮೊದಲು ಬೇಕಾದದ್ದು ಸೈಕಲ್. ರಾಜ್ಯ ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. ಮಲೆನಾಡಿನಲ್ಲಿ ಅದರ ಬೆಲೆ ಬೇರೆ. ತೋಟದ ಕೆಲಸದವರು ಇರುವ ಲೈನ್ ಮನೆಗಳು ಬಸ್ ನಿಲ್ದಾಣದಿಂದ ಮೈಲಿಗಟ್ಟಲೆ ಒಳಗಿರುತ್ತವೆ. ಅಂಥ ಮನೆಯ ಮಗಳು ಹೈಸ್ಕೂಲು ಬಿಡದೆ ಓದಿದ್ದರೆ ಎಷ್ಟೋ ಸಲ ಅದಕ್ಕೆ ಆ ಸೈಕಲ್ಲೇ ಕಾರಣ. ಚೈನ್ ಕಳಚಿದರೆ ಹಾಕುವುದು, ಬ್ರೇಕ್ ಬಿಗಿಮಾಡುವುದು, ಬೇರಿಂಗಿಗೆ ಗ್ರೀಸ್ ಹಚ್ಚುವುದನ್ನು ಮಕ್ಕಳು ತಾವೇ ಕಲಿತರು. ಯಂತ್ರದೊಂದಿಗೆ ಅವರ ಮೊದಲ ಗೆಳೆತನ ಅದು. ಯೋಜನೆ ಕೋವಿಡ್ ಹೊತ್ತಿಗೆ ನಿಂತುಹೋಯಿತು. ನಿಲ್ಲಬಾರದಿತ್ತು. ಉಳಿದ ಕಡೆ ಹೇಗೋ ಏನೋ, ಇಲ್ಲಿ ಮಾತ್ರ ಅದು ಶಾಲೆಯ ಪುಸ್ತಕದಷ್ಟೇ ಮುಖ್ಯ.

ಸೈಕಲ್ಲಿನ ಜೊತೆಗೆ ದಾರಿಯ ಭದ್ರತೆಯೂ ಬೇಕು. ಅರೇಹಳ್ಳಿ, ಬಿಕ್ಕೋಡು ಸುತ್ತಿನ ತೋಟಗಳಲ್ಲಿ ಆನೆಗಳು ಹಿಂಡಾಗಿ ಬೀಡುಬಿಡುತ್ತವೆ. ತೋಟದ ಕೆಲಸಕ್ಕೆ ಬೆಳಗ್ಗೆ ಬೇಗ ಹೊರಟವರು ಜೀವ ಕಳೆದುಕೊಂಡಿದ್ದಾರೆ, ಆನೆಗಳೂ ಸತ್ತಿವೆ. ದಸರಾ ಅಂಬಾರಿ ಹೊತ್ತ ಸಾಕಾನೆ ಅರ್ಜುನ 2023ರ ಡಿಸೆಂಬರಿನಲ್ಲಿ ಕಾಡಾನೆಯೊಂದಿಗೆ ಸೆಣಸಿ ಮಡಿದದ್ದು ಪಕ್ಕದ ಸಕಲೇಶಪುರ ತಾಲ್ಲೂಕಿನಲ್ಲೇ. ಆನೆ ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ ಕಳಿಸುವ, ರಸ್ತೆ ಬದಿ ಕೆಂಪು ದೀಪ ಉರಿಸಿ ಎಚ್ಚರಿಸುವ ವ್ಯವಸ್ಥೆ ಈ ಭಾಗದಲ್ಲಿದೆ. ಸೈಕಲ್ಲಿಗೆ ಸದ್ದಿಲ್ಲ, ತಿರುವು ದಾಟಿದ ಮೇಲಷ್ಟೇ ಆನೆಗೂ ನಮಗೂ ಒಬ್ಬರಿಗೊಬ್ಬರು ಇರುವುದು ಗೊತ್ತಾಗುತ್ತದೆ. ಆದ್ದರಿಂದ ಇಲ್ಲಿಗೆ ಸೈಕಲ್ ತರುವ ಬೆಂಗಳೂರಿನ ಗೆಳೆಯರಿಗೆ ಹೇಳುವುದಿಷ್ಟು: ಪೂರ್ತಿ ಬೆಳಕಾದ ಮೇಲೆ ಹೊರಡಿ, ಸಂಜೆ ಐದರೊಳಗೆ ಊರು ಸೇರಿಕೊಳ್ಳಿ. ಬೇಲೂರು ಬಿಡುವ ಮೊದಲು ಟೀ ಅಂಗಡಿಯಲ್ಲಿ ಇವತ್ತು ಆನೆ ಯಾವ ತೋಟದಲ್ಲಿದೆ ಎಂದು ಕೇಳಿಕೊಳ್ಳಿ. ಅಲ್ಲಿ ಕೂತವರಲ್ಲಿ ಒಬ್ಬರಿಗಾದರೂ ಗೊತ್ತಿರುತ್ತದೆ.