ಧರ್ಮಪುರಿಯ ಕಲ್ಲುಗಳಿಗೆ ಒಂದು ಇಡೀ ದಿನ

ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನ್ ತೆರಬೇಕಾಗಿದ್ದ ಯುದ್ಧದಂಡ ಅದು. ಹಣದ ಜೊತೆಗೆ ಅರ್ಧ ರಾಜ್ಯವೂ ಕೈಬಿಟ್ಟಿತು, ಇಬ್ಬರು ಗಂಡುಮಕ್ಕಳು ಒತ್ತೆಯಾಳುಗಳಾಗಿ ಹೋದರು. ಕಳೆದುಹೋದ ಆ ಅರ್ಧದಲ್ಲಿ ಬಾರಾಮಹಲ್ ಮತ್ತು ಸೇಲಂ ಸೀಮೆಗಳು ಸೇರಿದ್ದವು. ಬೆಂಗಳೂರಿನಿಂದ ಹೊಸೂರು ದಾಟಿ ಸೇಲಂ ಕಡೆಗೆ ಕಾರು ಓಡಿಸುವವರು ಗಂಟೆಗಟ್ಟಲೆ ಸಾಗುವುದು ಹಳೆಯ ಮೈಸೂರು ರಾಜ್ಯದ ನೆಲದ ಮೇಲೆಯೇ.

ಎರಡು ದಿನ ಬಿಡುವು ಮಾಡಿಕೊಂಡು ಈ ಸೀಮೆಯ ಯುದ್ಧಚರಿತ್ರೆ ನೋಡಿಬರೋಣ ಎಂದರೆ ಮೊದಲು ನೆನಪಾಗುವುದು ಕೋಟೆಗಳು. ರಾಯಕೋಟೆ ಇದೆ, ಕೃಷ್ಣಗಿರಿ ಇದೆ. ಸೇಲಂ ದಾಟಿದರೆ ಸಂಕಗಿರಿ ಇದೆ: ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದ ಬೆಟ್ಟ, ಬುಡದಿಂದ ನೆತ್ತಿಯವರೆಗೆ ಒಂದಾದ ಮೇಲೊಂದು ಹೆಬ್ಬಾಗಿಲು. ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಕಾದಾಡಿದ ಧೀರನ್ ಚಿನ್ನಮಲೈಯನ್ನು 1805ರಲ್ಲಿ ಗಲ್ಲಿಗೇರಿಸಿದ್ದು ಇಲ್ಲಿಯೇ. ಟಿಪ್ಪುವಿನ ರಾಕೆಟ್‌ಗಳನ್ನು ಕಣ್ಣಾರೆ ನೋಡಬೇಕೆನ್ನುವವರು ಮಾತ್ರ ದಿಕ್ಕು ಬದಲಿಸಿ ಶಿವಮೊಗ್ಗಕ್ಕೆ ಹೋಗಲಿ. 2018ರಲ್ಲಿ ಬಿದನೂರು ನಗರದ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಮೇಲೆ ಬಂದವು.

ಆದರೆ ಒಂದೇ ಒಂದು ಕಡೆಗೆ ಹೋಗುವಷ್ಟು ಸಮಯವಿದ್ದರೆ ನನ್ನ ಆಯ್ಕೆ ಧರ್ಮಪುರಿ. ಅಲ್ಲಿನ ಪುರಾತತ್ವ ಮ್ಯೂಸಿಯಂನಲ್ಲಿ ಫಿರಂಗಿಗಳ ಸಾಲಿಲ್ಲ, ವೀರಗಲ್ಲುಗಳ ಸಾಲಿದೆ. ಅಲ್ಲಿಯವರು ಅವನ್ನು ನಡುಕಲ್ ಎನ್ನುತ್ತಾರೆ. ನಮ್ಮ ಕಡೆಯ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಪೂಜೆ. ಧರ್ಮಪುರಿ ಸೀಮೆಯ ಹಳೆಯ ಕಲ್ಲುಗಳಲ್ಲಿ ಸ್ವರ್ಗವೇ ಇಲ್ಲ. ಒಂದು ಚಪ್ಪಡಿ, ಅದರ ಮೇಲೆ ಒಬ್ಬನೇ ಮನುಷ್ಯ, ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಕಿರುಗತ್ತಿ, ಕೆಲವೊಮ್ಮೆ ಮೈಗೆ ನಾಟಿದ ಬಾಣ. ಪಕ್ಕದಲ್ಲಿ ವಟ್ಟೆಳುತ್ತು ಲಿಪಿಯ ನಾಲ್ಕಾರು ಸಾಲು: ಇಂಥ ಅರಸನ ಇಂತಿಷ್ಟನೆಯ ವರ್ಷ, ಇಂಥವನ ಆಳು ಇಂಥವನು, ದನಗಳನ್ನು ಬಿಡಿಸಿ ಸತ್ತ.

ಯುದ್ಧ ಎಷ್ಟು ದೊಡ್ಡದು ಅಂದಿರಿ? ಒಂದು ಹಿಂಡು ದನದಷ್ಟು. ತುರುಗೋಳಿನ ಕಾಳಗದಲ್ಲಿ ಸತ್ತವನು ಅರಸನೂ ಅಲ್ಲ, ದಂಡನಾಯಕನೂ ಅಲ್ಲ. ಅವನಿಗೂ ಒಂದು ಕಲ್ಲು ನಿಂತಿತು, ಅದರ ಮೇಲೆ ಹೆಸರೂ ಬಿತ್ತು. ಈಗ ಇನ್ನೊಂದು ಲೆಕ್ಕ ನೋಡಿ. ಮೊದಲ ಮಹಾಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರು ಸುಮಾರು 74,000. ದೆಹಲಿಯ ಇಂಡಿಯಾ ಗೇಟ್ ಮೇಲೆ ಕೆತ್ತಿರುವ ಹೆಸರುಗಳು 13,000ದ ಆಸುಪಾಸು. ಉಳಿದ ಬಹುತೇಕರ ನೆನಪನ್ನು ಕಡಲಾಚೆಯ ಸ್ಮಾರಕಗಳಲ್ಲಿ ಹುಡುಕಬೇಕು. ಧರ್ಮಪುರಿಯ ದನಗಾಹಿ ಸೀಮೆಯಲ್ಲಾದರೋ ಸಾವಿರದ ಮುನ್ನೂರು, ಸಾವಿರದ ನಾನೂರು ವರ್ಷಗಳ ಹಿಂದೆಯೇ ಹೀಗೆ ಸತ್ತವನಿಗೆ ಅವನೂರಿನಲ್ಲೇ ಕಲ್ಲು ನೆಡುತ್ತಿದ್ದರು. ಕರ್ನಾಟಕದಲ್ಲಿ ಎಣಿಕೆಗೆ ಸಿಕ್ಕ ವೀರಗಲ್ಲುಗಳೇ ಎರಡೂವರೆ ಸಾವಿರಕ್ಕೂ ಹೆಚ್ಚು. ಇಷ್ಟು ದೀರ್ಘಕಾಲ, ಇಷ್ಟು ಹಳ್ಳಿಗಳಲ್ಲಿ, ಸಾಮಾನ್ಯ ಮನುಷ್ಯನ ಸಾವನ್ನು ಹೀಗೆ ಹೆಸರು ಹಿಡಿದು ಬರೆದಿಟ್ಟ ಸೀಮೆಗಳು ಲೋಕದಲ್ಲಿ ಎಷ್ಟಿದ್ದಾವು!

ಮನುಷ್ಯನ ಹೆಸರು ಮಾತ್ರವೂ ಅಲ್ಲ. ಧರ್ಮಪುರಿಗೆ ಪೂರ್ವಕ್ಕಿರುವ ಚೆಂಗಂ ಸೀಮೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ 34ನೆಯ ವರ್ಷದ ಕಲ್ಲೊಂದು ಸಿಕ್ಕಿದೆ. ವೀರನ ಬೆನ್ನಿಗೆ ಒಂದು ನಾಯಿ ನಿಂತಿದೆ. ಅದರ ಹೆಸರು ಕೋವಿವನ್. ಇಬ್ಬರು ಕಳ್ಳರನ್ನು ಕಚ್ಚಿ ಕಾವಲು ನಿಂತಿತು ಎಂದು ಬರೆದಿದ್ದಾರೆ. ಅದಾಗಿ ಮುನ್ನೂರು ವರ್ಷಗಳ ಮೇಲೆ ಮಂಡ್ಯ ಸೀಮೆಯ ಆತಕೂರಿನಲ್ಲಿ ಕಾಳಿ ಎಂಬ ಬೇಟೆನಾಯಿಗೆ ಕಲ್ಲು ನಿಂತಿತು. 949ರ ತಕ್ಕೋಲಂ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೆರ, ರಾಷ್ಟ್ರಕೂಟ ಕೃಷ್ಣನಿಂದ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಆ ನಾಯಿಯನ್ನೇ. ಕಾಳಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಚೋಳ ಯುವರಾಜ ರಾಜಾದಿತ್ಯ ಮಡಿದ ಆ ಮಹಾಯುದ್ಧದ ಸುದ್ದಿ ಈ ನಾಯಿಯ ಕಲ್ಲಿನ ಮೇಲೂ ಇದೆ!

ಆ ಕಲ್ಲು ಇರುವುದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಹಾಗಾಗಿ ಪ್ರವಾಸವನ್ನು ಅಲ್ಲಿಂದಲೇ ಆರಂಭಿಸಿ. ಬೇಗೂರಿನ ವೀರಗಲ್ಲೂ ಅಲ್ಲಿಯೇ ಇದೆ. ಆನೆ, ಕುದುರೆ, ಕಾಲಾಳುಗಳಿಂದ ಕಿಕ್ಕಿರಿದ ರಣರಂಗ. ಗಂಗರ ಎರೆಯಪ್ಪನ ಆಜ್ಞೆಯಂತೆ ನೊಳಂಬ ಅಯ್ಯಪದೇವನ ಸಹಾಯಕ್ಕೆ ಹೋದ ನಾಗತ್ತರ ತುಂಬೆಪಾಡಿಯಲ್ಲಿ ಸತ್ತ. ಆ ಸಾವಿನ ಮೇಲೆ ದತ್ತಿಯಾಗಿ ಹೋದದ್ದು ಬೇಗೂರು ಸೇರಿ ಹನ್ನೆರಡು ಹಳ್ಳಿಗಳ ಸೀಮೆ. ಆ ನೊಳಂಬರೇ ಧರ್ಮಪುರಿಯನ್ನೂ ಆಳಿದವರು. 9ನೆಯ ಶತಮಾನದ ಅವರ ಕನ್ನಡ ಶಾಸನಗಳು ಆ ಊರಿನಲ್ಲಿ ಸಿಕ್ಕಿವೆ.

ಬೆಳಗ್ಗೆ ಬೇಗೂರಿನ ಕಲ್ಲು ನೋಡಿ ಹೊರಟರೆ ಧರ್ಮಪುರಿಗೆ ಸುಮಾರು 130 ಕಿಲೋಮೀಟರ್. ಅಲ್ಲೇ ಉಳಿದುಕೊಳ್ಳಿ, ಮರುದಿನವನ್ನು ಪೂರ್ತಿ ಆ ಕಲ್ಲುಗಳಿಗೇ ಕೊಡಿ. ವಟ್ಟೆಳುತ್ತು ಓದಬಲ್ಲ ತಮಿಳು ಗೆಳೆಯರಿದ್ದರೆ ಜೊತೆಗೆ ಕರೆದೊಯ್ಯಿರಿ, ಹೆಸರುಗಳನ್ನು ಜೋರಾಗಿ ಓದಿಸಿ. ಸಂಕಗಿರಿಯ ಬೆಟ್ಟವನ್ನು ಮುಂದಿನ ಸಲ ಹತ್ತಬಹುದು.